ಫಿಲ್ಟರ್ ಮಾಸ್ತರ ಕಪ್ಪು ಗಾಜು

ಅಂಗಡಿಯ ಲೈಸೆನ್ಸ್ ನವೀಕರಿಸಿಕೊಳ್ಳಲು ನಗರಸಭೆಯ ಕಚೇರಿಗೆ ಹೋದ ಜಿಪ್ಪಣ್ಣ, ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವನೇ ಎದುರಿನ ಗೋಡೆಯ ಮೇಲೆ ತನ್ನನ್ನೇ ಕಂಡ. ಕನ್ನಡಿಯಲ್ಲ, ಬಾಗಿಲಿನಷ್ಟು ದೊಡ್ಡ ಚೌಕಟ್ಟು ಹಾಕಿಸಿದ ಫೋಟೋ. ಅದರಲ್ಲಿ ಹಳೆಯ ಮಾರುಕಟ್ಟೆಯ ಕಟ್ಟಡ ಅರಮನೆಯ ಗತ್ತಿನಲ್ಲಿ ನಿಂತಿತ್ತು. ಕಲ್ಲಿನ ಕಮಾನುಗಳು, ಗಡಿಯಾರದ ಗೋಪುರ, ಸಾಲು ಅಂಗಡಿಗಳು. ಎಲ್ಲ ಅಂಗಡಿಗಳ ಬಾಗಿಲೂ ತೆರೆದಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲ, ಒಂದಿತ್ತು. ಬಲಗಡೆಯ ಕಮಾನಿನ ಕೆಳಗೆ, ಚಕ್ರ ಕಳಚಿದ ಸೂಟ್‌ಕೇಸುಗಳ ನಡುವೆ, ಕುರ್ಚಿಗೆ ಒರಗಿ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ಬಿಟ್ಟುಕೊಂಡು, ಒಂದು ಚಪ್ಪಲಿ ಕಳಚಿಟ್ಟು ಮಲಗಿದ್ದ ಆ ಜೀವ ತಾನೇ ಎಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಹೊಟ್ಟೆಯ ಮೇಲಿನ ಗುಂಡಿ ಬಿಚ್ಚಿಕೊಂಡದ್ದೂ ಚೆನ್ನಾಗಿ ಕಾಣುತ್ತಿತ್ತು.

ಕಚೇರಿಯ ಗುಮಾಸ್ತ ಅವನ ಮುಖ ನೋಡಿದ, ಗೋಡೆ ನೋಡಿದ, ಮತ್ತೆ ಅವನ ಮುಖ ನೋಡಿದ.

"ಅಲ್ಲಿರೋದು ನೀವೇ ಅಲ್ವಾ?"

"ಅಲ್ಲ. ನಮ್ಮಣ್ಣ."

"ಕುರ್ಚಿ ಪಕ್ಕದ ಬೋರ್ಡಿನಲ್ಲಿ ನಿಮ್ಮ ಅಂಗಡಿ ಹೆಸರಿದೆ."

"ನಿದ್ದೆ ಮಾಡೋಕೆ ನಮ್ಮಂಗಡಿಗೆ ಬರ್ತಾನೆ ಅವನು."

"ಹಾಗಾದ್ರೆ ಲೈಸೆನ್ಸ್ ಅವರ ಹೆಸರಿಗೇ ಮಾಡಿಬಿಡೋಣ್ವಾ? ನಿಮಗಿಂತ ಅವರೇ ಅಂಗಡಿಲಿ ಜಾಸ್ತಿ ಇರೋ ಹಾಗಿದೆ."

ಸಾಲಿನಲ್ಲಿ ನಿಂತವರು ನಕ್ಕರು. ಜಿಪ್ಪಣ್ಣ ತಾನೂ ನಗಲು ನೋಡಿದ. ಆದರೆ ಬಾಯಿ ತೆರೆದರೆ ಗೋಡೆಯ ಮೇಲಿನ ಬಾಯಿಗೆ ತಾಳೆಯಾಗುತ್ತದೆ ಎನ್ನುವುದು ಹೊಳೆದು ತುಟಿ ಬಿಗಿಹಿಡಿದ. ಬ್ಯಾಗುಗಳ ಕೆಟ್ಟ ಜಿಪ್ ಸರಿಮಾಡುವುದೇ ಅವನ ಕಸುಬು. ಮಾರುಕಟ್ಟೆ ಅವನಿಗೆ ಜಿಪ್ಪಣ್ಣ ಎಂದು ಹೆಸರಿಟ್ಟದ್ದೂ ಅದಕ್ಕೇ. ತನ್ನ ಬಾಯಿಗೊಂದು ಜಿಪ್ ಇರಬೇಕಿತ್ತು ಎಂದು ಅವನಿಗೆ ಅನಿಸಿದ್ದು ಅಂದೇ ಮೊದಲು.

ಅಲ್ಲಿಂದ ಸೀದಾ ಮಾರುಕಟ್ಟೆಗೆ ಬಂದು, ಮಹಡಿಯ ಮೇಲಿದ್ದ ಭಾವನ ಸ್ಟುಡಿಯೋ ಬಾಗಿಲು ತಳ್ಳಿದ. ಭಾವ ಎಂದರೆ ಅಕ್ಕನ ಗಂಡ; ಪೇಟೆಗೆಲ್ಲ ಫಿಲ್ಟರ್ ಮಾಸ್ತರು. ಮಾಸ್ತರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಫೋಟೋ ತೆಗೆಸಿಕೊಳ್ಳಲು ಬಂದವರಿಗೆ ಕ್ಯಾಮೆರಾ ಮುಂದೆ ಕೂರಿಸಿ ಗಾಜಿನ ಪಾಠ ಮಾಡುತ್ತಿದ್ದರು, ಅಷ್ಟೇ. ಬಂದವರು ಅಲ್ಲಾಡುವಂತಿರಲಿಲ್ಲವಾದ್ದರಿಂದ ಪಾಠ ತಪ್ಪಿಸಿಕೊಂಡವರೂ ಇರಲಿಲ್ಲ.

"ಭಾವ, ನಿಮ್ಮ ಕಪ್ಪು ಗಾಜು ಇಡೀ ಪೇಟೆನೇ ನುಂಗಿತಲ್ಲ, ನನ್ನೊಬ್ಬನ್ನ ಯಾಕೆ ಬಿಡ್ತು?"

ಭಾವ ಲೆನ್ಸ್ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ನೀನು ಅಲ್ಲಾಡಲಿಲ್ಲ."

"ಎಬ್ಬಿಸಬಾರದಿತ್ತಾ?"

"ಎಬ್ಬಿಸಿದ್ರೆ ಅಲ್ಲಾಡ್ತಿದ್ದೆ."

ಅಕ್ಕ ಕೌಂಟರಿನ ಹಿಂದಿನಿಂದ, "ನಲವತ್ತೈದು ತುಂಬಿದ ಮೇಲೆ ಒಂದು ಕೆಲಸನಾದ್ರೂ ನೆಟ್ಟಗೆ ಮಾಡಿದ್ಯಲ್ಲೋ, ಬಿಡು," ಎಂದಳು. ತಮ್ಮನ ಪರ ಮಾತಾಡಬೇಕೋ ಗಂಡನ ಪರವೋ ಎಂಬ ಸಂಕಟ ಅವಳಿಗೆ ಯಾವತ್ತೂ ಬಂದದ್ದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಇಬ್ಬರೂ ಹಗುರ ಎನ್ನುತ್ತಿದ್ದಳು.

ಭಾವ ಈ ಕಸುಬಿಗೆ ಬಂದದ್ದು ಸೋದರಮಾವನ ಸ್ಟುಡಿಯೋದಲ್ಲಿ ನೆಲ ಒರೆಸುತ್ತ. ಆ ಮಾವ ಒಂದು ಮರದ ಡಬ್ಬಿಯ ತುಂಬ, ಲೆನ್ಸಿನ ಮುಂದೆ ಬಿಗಿಯುವ ದುಂಡು ಫಿಲ್ಟರ್ ಗಾಜುಗಳನ್ನು ಇಟ್ಟುಕೊಂಡಿದ್ದ. ಹಳದಿ, ಕೆಂಪು, ಗುಲಾಬಿ, ಮಂಜು ಕವಿದದ್ದು, ಅರ್ಧ ಕಪ್ಪು ಅರ್ಧ ತಿಳಿ. ಒಂದೊಂದು ಗಾಜೂ ಒಂದೊಂದು ತೊಂದರೆಗೆ ಮದ್ದು. ಕಪ್ಪುಬಿಳುಪು ಚಿತ್ರದಲ್ಲಿ ಮೋಡ ಕಾಣದೆ ಆಕಾಶ ಬೋಳು ಹೊಡೆಯುತ್ತದೆಯೇ? ಹಳದಿ ಹಾಕು. ಮದುವೆಮನೆಯ ಟ್ಯೂಬ್‌ಲೈಟಿನ ಕೆಳಗೆ ಬೀಗರ ಮುಖ ಹಸಿರಾಗಿ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆಯೇ? ಗುಲಾಬಿ ಹಾಕು. ಕನ್ನಡಕದ ಮೇಲೆ ಕಿಟಕಿ ಹೊಳೆದು ಕಣ್ಣೇ ಮಾಯವಾಗುತ್ತದೆಯೇ? ತಿರುಗುವ ಗಾಜನ್ನು ಹಾಕಿ ಮೆಲ್ಲಗೆ ತಿರುಗಿಸು, ಹೊಳಪು ಆರಿಹೋಗಿ ಒಳಗಿನ ಕಣ್ಣು ಕಾಣುತ್ತದೆ. ಮೇಲೆ ಆಕಾಶ ಸುಟ್ಟುಹೋಗಿ ಕೆಳಗೆ ನೆಲ ಕಪ್ಪಾಗುತ್ತದೆಯೇ? ಅರ್ಧ ಕಪ್ಪಿನದನ್ನು ಹಾಕು, ಕಪ್ಪು ಮೇಲಕ್ಕೆ ಬರಲಿ. ಯಾವ ತೊಂದರೆಯೂ ಇಲ್ಲವೇ? ಆಗಲೂ ತಿಳಿಗಾಜು ಒಂದಿರಲಿ, ಯಾರಾದರೂ ಮೊಳಕೈ ತಾಗಿಸಿದರೆ ಲೆನ್ಸಿನ ಬದಲು ಅದು ಒಡೆಯಲಿ.

ಹುಡುಗನ ತಲೆಗೆ ಇದು ಎಷ್ಟು ಆಳವಾಗಿ ಇಳಿಯಿತೆಂದರೆ, ಲೋಕದಲ್ಲಿ ಎದುರಿಗಿರುವುದನ್ನು ಸರಿಮಾಡುವ ಗೊಡವೆಯೇ ಬೇಡ, ನಡುವೆ ಸರಿಯಾದ ಗಾಜು ಇಟ್ಟರೆ ಸಾಕು ಎಂಬ ತೀರ್ಮಾನಕ್ಕೆ ಬಂದುಬಿಟ್ಟ. ಬೆಳೆದು ಗಂಡಸಾಗಿ, ಗಂಡನಾಗಿ, ಬಾಡಿಗೆಯ ಸ್ಟುಡಿಯೋ ಹಾಕಿಕೊಂಡರೂ ಆ ತೀರ್ಮಾನ ಬದಲಾಗಲಿಲ್ಲ. ಮನೆಯ ಗೋಡೆ ಸೋರಿದಾಗ ಭಾವ ಮೊದಲು ಮಾಡಿದ್ದು ಅದರ ಎದುರಿನ ಬಲ್ಬ್ ಬದಲಾಯಿಸಿ ಕಲೆ ಕಾಣದ ಹಾಗೆ ಮಾಡಿದ್ದು. ಅಕ್ಕನ ಫೋಟೋಗಳನ್ನೆಲ್ಲ ಮಂಜುಗಾಜಿನಲ್ಲೇ ತೆಗೆದರು. ಅವಳ ಕೆನ್ನೆಯ ಮಚ್ಚೆ, ಹಣೆಯ ಗೆರೆ, ನಿದ್ದೆಗೆಟ್ಟ ಕಣ್ಣಿನಡಿಯ ಕಪ್ಪು, ಯಾವುದೂ ಯಾವ ಚಿತ್ರದಲ್ಲೂ ಇಲ್ಲ.

"ಎಷ್ಟು ಚೆನ್ನಾಗಿ ಕಾಣ್ತೀಯ ನೋಡು," ಎನ್ನುತ್ತಿದ್ದರು.

"ಕಾಣ್ತಿರೋದು ಯಾರು ಅಂತ ನನಗೆ ಗೊತ್ತಿಲ್ಲ. ಅವಳನ್ನೇ ಕೇಳಿ ಅಡುಗೆ ಮಾಡಿಸ್ಕೊಳ್ಳಿ," ಎನ್ನುತ್ತಿದ್ದಳು ಅಕ್ಕ. ಅದನ್ನು ಅವಳು ತಮಾಷೆಗೆ ಹೇಳುತ್ತಿರಲಿಲ್ಲ ಎಂಬುದು ಜಿಪ್ಪಣ್ಣನಿಗೆ ತಿಳಿದಿತ್ತು. ಭಾವನಿಗೆ ತಿಳಿದಿತ್ತೋ ಇಲ್ಲವೋ.

ಆಮೇಲೆ ಎಲ್ಲರ ಕೈಗೂ ಫೋನ್ ಬಂತು. ಮದುವೆಗೆ ಕರೆಯುವವರು ಕಡಿಮೆಯಾದರು, ಬಂದವರೂ ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕಷ್ಟೇ ಬಂದರು. ಒಂದು ದಿನ ಹೆಣ್ಣುಮಗಳೊಬ್ಬಳು ತನ್ನ ಫೋನಿನಲ್ಲಿ ತಲೆಗೆ ಮೊಲದ ಕಿವಿ ಅಂಟಿಸಿಕೊಂಡ ಚಿತ್ರ ತೋರಿಸಿ, "ಅಂಕಲ್, ಈ ಫಿಲ್ಟರ್ ನಿಮ್ಮ ಹತ್ರ ಇದ್ಯಾ?" ಎಂದು ಕೇಳಿದಳು. ಭಾವ ಎದ್ದು ಹೋಗಿ ಒಳಗೆ ಕೂತರು. ಆ ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಅಕ್ಕ ತಟ್ಟೆ ಮುಚ್ಚಿಟ್ಟು, "ಕಿವಿ ಕೇಳಿದ್ದಕ್ಕೆ ಇಷ್ಟು ಮುನಿಸಾ, ಬಾಲ ಕೇಳಿದ್ರೆ ಏನ್ ಮಾಡ್ತಿದ್ರೋ," ಎಂದಳು.

ಹೀಗಿರುವಾಗ ಬಂದದ್ದು ನಗರಸಭೆಯ ಎಂಜಿನಿಯರು.

ಕಚೇರಿಯ ಹಜಾರಕ್ಕೆ ಹಳೆಯ ಮಾರುಕಟ್ಟೆಯದೊಂದು ದೊಡ್ಡ ಚಿತ್ರ ಬೇಕಾಗಿತ್ತು. ಆದರೆ ಯಾವಾಗ ತೆಗೆದರೂ ಕಟ್ಟಡದ ಮುಂದೆ ಜನ. ತಳ್ಳುಗಾಡಿ, ಮೂಟೆ ಹೊತ್ತವರು, ಚೌಕಾಸಿ ಮಾಡುವವರು, ಕಮಾನಿನ ಕಲ್ಲುಗಂಬಕ್ಕೆ ಬೆನ್ನು ತಿಕ್ಕುವವರು. ಬೆಳ್ಳಂಬೆಳಿಗ್ಗೆ ತೆಗೆಸಿದರೆ ಜನ ಇಲ್ಲ, ಆದರೆ ಅಂಗಡಿಗಳ ಷಟರ್ ಎಲ್ಲ ಮುಚ್ಚಿ ದಿವಾಳಿಯೆದ್ದ ಹಾಗೆ ಕಾಣುತ್ತಿತ್ತು.

"ಅಂಗಡಿಗಳು ತೆರೆದಿರಬೇಕು, ಜನ ಅಡ್ಡ ಬರಬಾರದು. ಆಗುತ್ತಾ ಮಾಸ್ತರೇ? ಬೇರೆಯವರೆಲ್ಲ ಆಗಲ್ಲ ಅಂದ್ರು," ಎಂದರು ಎಂಜಿನಿಯರು.

ಬೇರೆಯವರೆಲ್ಲ ಆಗಲ್ಲ ಅಂದರು ಎಂಬ ಮಾತಿಗೆ ಭಾವ ಕರಗಿಹೋದರು. ಮಾವನ ಮರದ ಡಬ್ಬಿಯ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಕಪ್ಪು ಗಾಜುಗಳಿದ್ದವು. ವೆಲ್ಡಿಂಗ್ ಮಾಡುವವರ ಕನ್ನಡಕದಷ್ಟು ಕಪ್ಪು. ಒಂದರ ಮೇಲೊಂದು ಹಾಕಿ ಲೆನ್ಸಿಗೆ ಬಿಗಿದರೆ, ಹಾಡಹಗಲಲ್ಲೂ ಬೆಳಕು ತೊಟ್ಟುತೊಟ್ಟಾಗಿ ಇಳಿಯುತ್ತದೆ. ಕ್ಯಾಮೆರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡಬೇಕು. ನಿಂತ ಕಲ್ಲು ಅಷ್ಟು ಹೊತ್ತೂ ನಿಂತೇ ಇರುವುದರಿಂದ ಚಿತ್ರಕ್ಕೆ ಬರುತ್ತದೆ. ನಡೆಯುವ ಮನುಷ್ಯ ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ ಎಲ್ಲೂ ಮೂಡುವುದಿಲ್ಲ. ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಸ್ಟ್ಯಾಂಡ್ ನೆಟ್ಟು, ಎಂಜಿನಿಯರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಭಾವ ಇದನ್ನೆಲ್ಲ ವಿವರಿಸಿದರು. ಜನ ಕಡಿಮೆ ಇರುವ ಹೊತ್ತು ಬೇಡವೆಂದು ಹಟ ಹಿಡಿದು, ಪೇಟೆ ಕಿಕ್ಕಿರಿದು ತುಂಬುವ ನಡುಹಗಲನ್ನೇ ಆರಿಸಿದರು. ಗಾಜಿನ ತಾಕತ್ತು ಗೊತ್ತಾಗಬೇಕಲ್ಲ.

ಗಾಜು ಬಿಗಿದ ಮೇಲೆ ಏನೂ ಕಾಣುವುದಿಲ್ಲ. ಆದ್ದರಿಂದ ಮೊದಲು ಗಾಜಿಲ್ಲದೆ ಫೋಕಸ್ ಮಾಡಿ, ಒಂದು ಚಿತ್ರ ತೆಗೆದು ಸರಿಯಿದೆಯೇ ನೋಡಿಕೊಂಡರು. ಆಮೇಲೆ ಗಾಜು. ಸಂಜೆ ಸ್ಟುಡಿಯೋಗೆ ಬಂದು ಎರಡನ್ನೂ ಕಂಪ್ಯೂಟರಿಗೆ ಹಾಕಿದಾಗ, ಮೊದಲನೆಯದರಲ್ಲಿ ಪೇಟೆ ಗಿಜಿಗುಡುತ್ತಿತ್ತು. ಎರಡನೆಯದರಲ್ಲಿ ಕಲ್ಲು, ಕಮಾನು, ಮೌನ. ಅಂಗಡಿಯೊಳಗೆ ಕೂತವರು ನೆರಳಿನಲ್ಲಿ ಮುಳುಗಿಹೋಗಿದ್ದರು. ತಳ್ಳುಗಾಡಿಯೊಂದು ಸ್ವಲ್ಪ ಹೊತ್ತು ನಿಂತು ಹೋಗಿತ್ತೋ ಏನೋ, ಅದರ ಜಾಗದಲ್ಲಿ ಹೊಗೆಯ ಹಾಗೊಂದು ಕಲೆ. ಮತ್ತೆ ಜಿಪ್ಪಣ್ಣ.

ಭಾವ ಮೊದಲನೆಯ ಚಿತ್ರವನ್ನು ಅಳಿಸಿದರು. ಅದು ಅವರ ಶಿಸ್ತು. ಕೆಲಸ ಮುಗಿದ ಮೇಲೆ ತಾಲೀಮಿನ ಚಿತ್ರ ಸ್ಟುಡಿಯೋದಲ್ಲಿ ಇರಕೂಡದು, ಯಾರಾದರೂ ಕಂಡರೆ ಇದೂ ಇವರೇ ತೆಗೆದದ್ದು ಎಂದುಕೊಂಡಾರು. ಮಾವ ಹಾಳು ನೆಗೆಟಿವ್‌ಗಳನ್ನು ಕತ್ತರಿಯಲ್ಲಿ ಚೂರು ಮಾಡುತ್ತಿದ್ದ. ಇವರು ಗುಂಡಿ ಒತ್ತುತ್ತಿದ್ದರು.

ಚಿತ್ರ ಗೋಡೆಗೇರಿತು. ಜಿಪ್ಪಣ್ಣನ ಮಾನ ಹೋಯಿತು. ಕೆಲವು ವಾರ ಭಾವ ಕಾರಣವಿಲ್ಲದೆ ನಗರಸಭೆಗೆ ಹೋಗಿಬರುತ್ತಿದ್ದರು. ಹಜಾರದಲ್ಲಿ ನಿಂತು, ಜನ ತಲೆ ಎತ್ತಿ ನೋಡುವುದನ್ನು ನೋಡಿ ಹಿಂದಿರುಗುವುದು. ಇಳಿವಯಸ್ಸಿಗೆ ಕಾಲಿಡುತ್ತಿದ್ದ ಮನುಷ್ಯನ ಮುಖದಲ್ಲಿ ಯಾವ ಗಾಜೂ ಇಲ್ಲದೆ ಹೊಳಪು ಬಂದಿತ್ತು. ಅಕ್ಕ ಕೂಡ ಆ ದಿನಗಳಲ್ಲಿ ಅವರನ್ನು ಹೆಚ್ಚು ಕುಟುಕಲಿಲ್ಲ.

ಆಮೇಲೆ ನೋಟಿಸು ಬಂತು. ಮಾರುಕಟ್ಟೆಯ ಕಟ್ಟಡ ಹಳೆಯದಾಗಿದೆ, ಅಲ್ಲದೆ ಬಳಕೆಯಲ್ಲಿಲ್ಲ. ವ್ಯಾಪಾರವಿಲ್ಲದೆ ಅಂಗಡಿಗಳು ಬಿಕೋ ಎನ್ನುತ್ತಿವೆ. ಕೆಡವಿ ಜಾಗ ತೆರವು ಮಾಡಲಾಗುವುದು, ಆಕ್ಷೇಪಣೆ ಇರುವವರು ವಿಚಾರಣೆಗೆ ಬರಬಹುದು. ಬಳಕೆಯಲ್ಲಿಲ್ಲ ಎಂಬುದಕ್ಕೆ ಪುರಾವೆಯಾಗಿ ನೋಟಿಸಿನ ಜೊತೆ ಅಂಟಿಸಿದ್ದು ಅದೇ ಚಿತ್ರ, ಅಂಗೈಯಗಲಕ್ಕೆ ಕುಗ್ಗಿಸಿದ್ದು. ಅಷ್ಟು ಚಿಕ್ಕದರಲ್ಲೂ ಜಿಪ್ಪಣ್ಣನ ಬಾಯಿ ಕಾಣುತ್ತಿತ್ತು.

ಮಾರುಕಟ್ಟೆಯವರೆಲ್ಲ ಸ್ಟುಡಿಯೋ ಮೆಟ್ಟಿಲ ಮೇಲೆ ಸೇರಿದರು. ಗಡಿಯಾರ ರಿಪೇರಿಯ ಮುದುಕ, ಪಾತ್ರೆ ಅಂಗಡಿಯ ದಪ್ಪಗಿನ ಯಜಮಾನಿತಿ, ಬೀಗದ ಕೈ ಮಾಡುವವನು.

"ನನ್ನ ಅಂಗಡಿ ಮುಂದೆ ಕಾಲಿಡೋಕೆ ಜಾಗ ಇರಲ್ಲ. ನಾನೆಲ್ಲಿ ಹೋದೆ ಮಾಸ್ತರೇ ಇದರಲ್ಲಿ?" ಎಂದಳು ಪಾತ್ರೆಯವಳು. "ನನ್ನ ಗಾತ್ರ ಅಳಿಸೋಕೆ ಎಷ್ಟು ಗಾಜು ಬೇಕಾಯ್ತು?"

"ಅಮ್ಮ, ನೀವು ಓಡಾಡ್ತಿದ್ರಿ..."

"ಓಡಾಡಿದ್ದೇ ತಪ್ಪಾಯ್ತು. ಇನ್ಮೇಲೆ ಇವನ ಹಾಗೆ ಬಿದ್ಕೋತೀನಿ," ಎಂದು ಜಿಪ್ಪಣ್ಣನ ಕಡೆ ಗಲ್ಲ ಎತ್ತಿದಳು.

ಬೀಗದ ಕೈಯವನು, "ಗಾಜು ಅಂದ್ರಲ್ಲ, ಅಲ್ಲಿ ಹೋಗಿ ಅದನ್ನೇ ಹೇಳಿ. ಇದು ಗಾಜಿನ ಆಟ, ಸುಳ್ಳು ಚಿತ್ರ ಅನ್ನಿ. ಅಷ್ಟು ಅಂದ್ರೆ ಸಾಕು," ಎಂದ. ಎಲ್ಲರೂ ಹೌದೆಂದರು. ಭಾವ ತಲೆಯಾಡಿಸಿದರು. ಅಷ್ಟು ಜನರ ಅನ್ನ ಆ ಒಂದು ಮಾತಿನ ಮೇಲೆ ನಿಂತಿತ್ತು. ಸ್ಟುಡಿಯೋ ಕೂಡ, ಜಿಪ್ಪಣ್ಣನ ಕುರ್ಚಿ ಕೂಡ.

ವಿಚಾರಣೆ ಅದೇ ಕಚೇರಿಯಲ್ಲಿ. ಆಯುಕ್ತರು ನಿಧಾನದ ಮನುಷ್ಯ, ಗದರಿಸುವವರಲ್ಲ. ಪಾತ್ರೆಯವಳು ತನ್ನ ಫೋನಿನಲ್ಲಿದ್ದ ಜನಜಂಗುಳಿಯ ಚಿತ್ರಗಳನ್ನು ತೋರಿಸಿದಾಗ ಒಂದೊಂದನ್ನೂ ನೋಡಿ ಫೋನನ್ನು ಮರ್ಯಾದೆಯಿಂದ ಹಿಂದಿರುಗಿಸಿದರು.

"ಇವು ಯಾವ ದಿನದ್ದೋ, ಯಾವ ಮೂಲೆಯದ್ದೋ. ಕಚೇರಿಯೇ ನಿಂತು ತೆಗೆಸಿದ್ದು ಇದೊಂದೇ. ನಮ್ಮ ತಪಾಸಣೆಯವರೂ ಹೋಗಿ ನೋಡಿದ್ದಾರೆ, ಜನ ಇರಲಿಲ್ಲ ಅಂತ ಬರೆದಿದ್ದಾರೆ."

"ಅವರು ಬಂದಿದ್ದು ವಾರದ ರಜೆ ದಿನ ಸ್ವಾಮಿ," ಎಂದ ಜಿಪ್ಪಣ್ಣ.

ಆಯುಕ್ತರು ಅವನನ್ನು ದಿಟ್ಟಿಸಿ ನೋಡಿ, ಚಿತ್ರ ನೋಡಿದರು. "ನೀವು... ಇವರಾ?"

ಅಣ್ಣನ ಹೆಸರು ಹೇಳುವ ಧೈರ್ಯ ಈ ಸಲ ಬರಲಿಲ್ಲ. "ನಾನೇ."

"ನಡುಹಗಲಲ್ಲಿ ಮಲಗಿದ್ದೀರಿ. ಗಿರಾಕಿ ಇದ್ರೆ ಮಲಗ್ತಿದ್ರಾ?"

ಬೆಳಿಗ್ಗೆಯಿಂದ ಜಿಪ್ ಎಳೆದೆಳೆದು ಬೆರಳು ಜುಮ್ಮೆಂದು, ಗಿರಾಕಿ ಬಂದರೆ ಎಬ್ಬಿಸಲಿ ಎಂದು ಬಾಗಿಲಲ್ಲೇ ಕಣ್ಣು ಮುಚ್ಚಿದ್ದು ಎಂದು ಹೇಳಬೇಕೆಂದಿದ್ದ. ಹೇಳುವ ಹೊತ್ತಿಗೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು, "ಸ್ವಲ್ಪ ಹೊತ್ತು," ಎಂದಷ್ಟೇ ಬಾಯಿಂದ ಬಂತು.

ಭಾವ ಎದ್ದುನಿಂತು ಬಟ್ಟೆಯ ಗಂಟು ಬಿಚ್ಚಿ ಕಪ್ಪು ಗಾಜುಗಳನ್ನು ಮೇಜಿನ ಮೇಲಿಟ್ಟರು. ಆಯುಕ್ತರು ಒಂದನ್ನು ಎತ್ತಿ ಕಣ್ಣಿಗೆ ಹಿಡಿದು, "ಏನೂ ಕಾಣಲ್ವಲ್ರೀ," ಎಂದರು. ಭಾವ ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು, ಸ್ವಲ್ಪ ಹೆಚ್ಚೇ ಚೆನ್ನಾಗಿ. ಸ್ಟುಡಿಯೋದ ಪಾಠ ಇಲ್ಲೂ ಶುರುವಾಯಿತು. ಹಳದಿ, ಗುಲಾಬಿ, ತಿರುಗುವ ಗಾಜು, ಮಂಜುಗಾಜು. ಪಾತ್ರೆಯವಳು ಹಿಂದಿನಿಂದ ಅವರ ಅಂಗಿ ಜಗ್ಗಿದಳು.

"ಜನ ಇದ್ರು ಅನ್ನೋದಕ್ಕೆ ಸಾಕ್ಷಿ? ಗಾಜು ಹಾಕೋಕೆ ಮೊದಲು ತೆಗೆದದ್ದು ಏನಾದ್ರೂ?"

"ಇತ್ತು ಸಾರ್. ಅಳಿಸಿದೆ."

"ಯಾಕೆ?"

"ಅದು ಚೆನ್ನಾಗಿರಲಿಲ್ಲ."

ಆಯುಕ್ತರು ಎಂಜಿನಿಯರ ಕಡೆ ತಿರುಗಿದರು. ಬಾಲ್ಕನಿಯಲ್ಲಿ ಅಷ್ಟು ಹೊತ್ತು ಪಕ್ಕದಲ್ಲೇ ನಿಂತು, ಅಬ್ಬ ಎಂದು ಬೆನ್ನು ತಟ್ಟಿದ್ದ ಮನುಷ್ಯ ತಮ್ಮ ಪೆನ್ನಿನ ಮುಚ್ಚಳ ನೋಡುತ್ತ, "ನನಗೆ ಫೋಟೋಗ್ರಫಿ ತಿಳಿಯಲ್ಲ ಸಾರ್. ಕಟ್ಟಡ ತೆಗೀರಿ ಅಂದೆ. ತೆಗೆದ್ರು," ಎಂದರು.

"ಹಾಗಾದ್ರೆ ಮಾಸ್ತರೇ," ಎಂದರು ಆಯುಕ್ತರು ತಾಳ್ಮೆಯಿಂದಲೇ, "ಈ ಚಿತ್ರ ಸುಳ್ಳು ಅಂತ ಬರೆದುಕೊಳ್ಳಲಾ? ನೀವು ಹೇಳಿದ್ರೆ ಬರೀತೀನಿ. ಗೋಡೆಯಿಂದಲೂ ಇಳಿಸಬೇಕಾಗುತ್ತೆ."

ಬೀಗದ ಕೈಯವನು ಮುಂದಕ್ಕೆ ಬಾಗಿದ. ಪಾತ್ರೆಯವಳು ಅಂಗಿ ಬಿಟ್ಟಳು. ಜಿಪ್ಪಣ್ಣ ಭಾವನ ಮುಖ ನೋಡಿದ. ತೆರೆದ ಬಾಗಿಲಿನಿಂದ ಹಜಾರದ ಗೋಡೆ ಕಾಣುತ್ತಿತ್ತು. ಭಾವ ಅತ್ತಲೇ ನೋಡುತ್ತಿದ್ದರು. ಇಷ್ಟು ವರ್ಷ ತೆಗೆದದ್ದೆಲ್ಲ ಯಾರದೋ ಆಲ್ಬಮ್ಮಿನಲ್ಲಿ, ಯಾರದೋ ಕಪಾಟಿನಲ್ಲಿ ಅಂಟಿ ಬೂಸ್ಟು ಹಿಡಿಯುತ್ತಿತ್ತು. ಜನ ತಲೆ ಎತ್ತಿ ನೋಡಿದ್ದು ಅದೊಂದನ್ನೇ.

"ಸುಳ್ಳಲ್ಲ ಸಾರ್," ಎಂದರು ಭಾವ. "ಚಿತ್ರ ಸರಿಯಾಗಿದೆ."

ಆಯುಕ್ತರು ಹಾಗೆಯೇ ಬರೆದುಕೊಂಡರು.

ಹೊರಗೆ ಬಂದ ಮೇಲೆ ಯಾರೂ ಬೈಯಲಿಲ್ಲ, ಅದೇ ಕೆಟ್ಟದ್ದು. ಗಡಿಯಾರದ ಮುದುಕ ಮಾತ್ರ, "ಹೋಗಲಿ ಬಿಡಿ, ಅವರು ಹೇಗಿದ್ರೂ ಕೆಡವೋರೇ," ಎಂದ. ಅದು ನಿಜವೂ ಇರಬಹುದು. ಆದರೆ ಮಾರುಕಟ್ಟೆಯವರಿಗೆ ಆ ಸಮಾಧಾನ ರುಚಿಸಲಿಲ್ಲ. ಅಂದಿನಿಂದ ಸ್ಟುಡಿಯೋ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಪಾತ್ರೆಯವಳು ಭಾವ ಎದುರು ಬಂದರೆ ಅಲ್ಲಾಡದೆ ಕಲ್ಲಿನ ಹಾಗೆ ನಿಂತುಬಿಡುತ್ತಿದ್ದಳು, ದಾಟಿ ಹೋಗುವವರೆಗೆ. "ಹೀಗೆ ನಿಂತರೆ ಕಾಣ್ತೀನಾ ಮಾಸ್ತರೇ?" ಎಂದು ಒಮ್ಮೆ ಕೇಳಿದಳು.

ಅಕ್ಕನ ಬಾಯಿಂದ ಸಿಡಿಲು ಬೀಳುತ್ತದೆ ಎಂದು ಜಿಪ್ಪಣ್ಣ ಕಾದಿದ್ದ. ಅವಳು ಸುದ್ದಿ ಕೇಳಿ, ಮಡಚುತ್ತಿದ್ದ ಪರದೆಯ ಬಟ್ಟೆಯನ್ನು ಪೂರ್ತಿ ಮಡಚಿ, "ಎರಡು ಅಕ್ಷರ. ಸುಳ್ಳು ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು ಇವರಿಗೆ?" ಎಂದು ತಮ್ಮನನ್ನು ಕೇಳಿದಳು. ಗಂಡನನ್ನಲ್ಲ. ಅವರು ಅಲ್ಲೇ ನಿಂತಿದ್ದರು. ಅವರನ್ನು ದಾಟಿ ಒಳಗೆ ಹೋದಳು. ಅವಳಿಗೂ ಅಂಥದ್ದೊಂದು ಕಪ್ಪು ಗಾಜು ಸಿಕ್ಕಿಬಿಟ್ಟಿತು ಎಂದುಕೊಂಡ ಜಿಪ್ಪಣ್ಣ.

ಕಟ್ಟಡ ಬಿತ್ತು. ಗಡಿಯಾರದ ಮುದುಕ ಅಳಿಯನ ಮನೆ ಸೇರಿದ. ಪಾತ್ರೆಯವಳು ಪಾತ್ರೆಗಳನ್ನೆಲ್ಲ ಸಗಟು ಮಾರಿದಳು. ಜಿಪ್ಪಣ್ಣ ಬಸ್ ನಿಲ್ದಾಣದ ಹಿಂದೆ ಗೋಡೆಗೆ ಕುರ್ಚಿ ಆನಿಸಿಕೊಂಡು ಕೂತ. ಅಲ್ಲಿ ಧೂಳಿಗೆ ಜಿಪ್ಪುಗಳು ಬೇಗ ಕೆಡುತ್ತಿದ್ದವು, ಅದೊಂದು ಅನುಕೂಲ. ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಭಾವ ಸ್ಟುಡಿಯೋದ ಸಾಮಾನನ್ನು ಮನೆಯ ಮುಂದಿನ ಕೋಣೆಗೆ ತಂದಿಟ್ಟರು. ಅಕ್ಕ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು. ಊಟಕ್ಕೆ ಕರೆಯುವ ಕೆಲಸ ಜಿಪ್ಪಣ್ಣನ ಪಾಲಿಗೆ ಬಂದು, ಅವನು ದಿನಾ ಆ ಮನೆಯಲ್ಲೇ ಉಣ್ಣುವಂತಾಯಿತು.

ಒಂದು ದಿನ ಎಂಜಿನಿಯರು ಫೋನ್ ಮಾಡಿದರು. ಜಾಗ ಪೂರ್ತಿ ತೆರವಾಗಿದೆ, ಹೊಸ ಕಟ್ಟಡದ ಕೆಲಸ ಶುರುವಾಗುವ ಮೊದಲು ಅದರದೊಂದು ಚಿತ್ರ ಬೇಕು. ಹಜಾರದಲ್ಲಿ ಹಳೆಯದರ ಪಕ್ಕಕ್ಕೆ ಹಾಕಬೇಕು, ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು. ಮಾಸ್ತರೇ ಬರಬೇಕು.

"ಹೋಗ್ತೀರಾ?" ಎಂದ ಜಿಪ್ಪಣ್ಣ.

"ಬೇರೆ ಯಾರು ಕರೆದಿದಾರೆ?" ಎಂದರು ಭಾವ.

ಜಿಪ್ಪಣ್ಣ ಸ್ಟ್ಯಾಂಡ್ ಹೊತ್ತ. ಅದೇ ಎದುರಿನ ಬಾಲ್ಕನಿ. ಕೆಳಗೆ ತಗಡಿನ ಬೇಲಿ, ಸಮ ಮಾಡಿದ ಮಣ್ಣು, ಚಕ್ರದ ಗುರುತು. ಮೊದಲು ಕಮಾನುಗಳಿದ್ದ ಕಡೆಯಿಂದ ಹಿಂದಿನ ಬೀದಿಯ ಮನೆಗಳ ಬೆನ್ನು ಕಾಣುತ್ತಿತ್ತು, ಅವುಗಳ ಒಣಹಾಕಿದ ಬಟ್ಟೆ ಸಮೇತ. ಭಾವ ಕ್ಯಾಮೆರಾ ಬಿಗಿದು ಸ್ಟ್ಯಾಂಡಿನ ಕಾಲುಗಳನ್ನು ಸರಿಮಾಡಿದರು. ಫೋಕಸ್ ನೋಡಿ, ಆಮೇಲೆ ಇನ್ನೊಮ್ಮೆ ನೋಡಿದರು. ಎಂಜಿನಿಯರು ಹಿಂದಿನಿಂದ ಇಣುಕಿ, ಏನೂ ನಡೆದೇ ಇಲ್ಲವೆಂಬ ಹಾಗೆ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

"ಜನಗಿನ ಯಾರೂ ಬರಬಾರದು ಮಾಸ್ತರೇ, ಜಾಗ ಖಾಲಿ ಕಾಣಬೇಕು. ಈ ಸಲ ಯಾವ ಗಾಜು ಹಾಕ್ತೀರಿ?"

ಭಾವ ಲೆನ್ಸಿನ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡರು.

"ಯಾವುದೂ ಬೇಡ ಸಾರ್. ಇದು ಹಾಗೇ ಬರುತ್ತೆ."